ನೀರಸಾಗರದಲ್ಲಿ ಗಾಳ, ದೋಣಿ: ಎಷ್ಟರ ಮಟ್ಟಿಗೆ?

ಪ್ರಶ್ನೆ: ಕಲಘಟಗಿ ಕಡೆಯ ನೀರಸಾಗರಕ್ಕೆ ಭಾನುವಾರ ಗಾಳ ಹಿಡಿದು, ಗಾಳಿ ತುಂಬುವ ರಬ್ಬರ್ ದೋಣಿ ಒಯ್ಯಬಹುದೇ? ಸಣ್ಣ ಪೆಟ್ರೋಲ್ ಮೋಟಾರೂ ಇದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಮೋಟಾರು ಮನೆಯಲ್ಲೇ ಇರಲಿ. ಟೂ-ಸ್ಟ್ರೋಕ್ ಎಂಜಿನ್‌ಗೆ ಲೀಟರ್ ಪೆಟ್ರೋಲಿಗೆ ಸುಮಾರು 20 ಮಿ.ಲೀ. ಆಯಿಲ್ ಬೆರೆಸುತ್ತೀರಿ, ಉರಿಯದೆ ಉಳಿದದ್ದು ಹೊಗೆಯ ಜೊತೆ ನೇರ ನೀರಿಗೇ ಇಳಿಯುತ್ತದೆ. ಆ ವಾಸನೆ ಕ್ಲೋರಿನ್ ಹಾಕಿದರೆ ಹೋಗುವಂಥದ್ದಲ್ಲ. ಇದು ಕುಡಿಯುವ ನೀರಿನ ಕೆರೆ, ದಾಂಡೇಲಿಯ ಹೊಳೆಯಲ್ಲ.

ಹುಟ್ಟು ಹಾಕುವ ದೋಣಿಗೂ ಜಲಾಶಯ ನೋಡಿಕೊಳ್ಳುವವರ ಲಿಖಿತ ಒಪ್ಪಿಗೆ ಬೇಕು. ಸಿಕ್ಕರೂ ಜಾಕ್‌ವೆಲ್ (ಊರಿಗೆ ನೀರೆತ್ತುವ ಪಂಪಿನ ಬಾವಿ) ಹತ್ತಿರ ಸುಳಿಯಬೇಡಿ: ಮೇಲೆ ನೀರು ತಣ್ಣಗೆ ಕಂಡರೂ ಪಂಪು ಅಡಿಯಲ್ಲಿ ಎಳೆಯುತ್ತಿರುತ್ತದೆ.

ಮೀನಿನ ಹಕ್ಕು ಬೇರೆ ಬಾಬ್ತು. ಗುತ್ತಿಗೆ ಯಾರದು, ಗಾಳಕ್ಕೆ ಲೈಸೆನ್ಸ್ ಹೇಗೆ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿ. ಮಳೆಗಾಲದಲ್ಲಿ ಕಾಟ್ಲಾ, ರೋಹು ಮೊಟ್ಟೆ ಇಡುತ್ತವೆ, ಆಗ ಬಿಟ್ಟುಬಿಡುವುದೇ ಒಳ್ಳೆಯದು. ಸಿಡಿಮದ್ದು, ವಿಷಕ್ಕೆ 1897ರ ಕಾನೂನಿನಿಂದಲೇ ನಿಷೇಧವಿದೆ.

ಮೈದಾ ಉಂಡೆ ಗೋಲಿಯಷ್ಟಿದ್ದರೆ ಸಾಕು. ಬೊಗಸೆಗಟ್ಟಲೆ ಎರಚಿದರೆ ಅದು ಕೊಳೆತು ಪಾಚಿಗೆ ಗೊಬ್ಬರ. ಸೀಸದ ಗುಂಡಿನ ಬದಲು ಕಬ್ಬಿಣದ ನಟ್ ಕಟ್ಟಿ. ತುಂಡಾದ ನೈಲಾನ್ ದಾರ ಸುತ್ತಿ ಜೇಬಿಗೆ ಹಾಕಿ. ಬೆಳ್ಳಕ್ಕಿ ಕಾಲಿಗೆ ಒಮ್ಮೆ ಸುತ್ತಿದರೆ ಬಿಡಿಸುವವರಿಲ್ಲ.