‘ಅಬ್ಯಾಂಡನ್’ ಅಂದ್ರೆ ‘ಬಿಡು’ ಅಂತ ತಾನೆ? ಕೆಲಸ ಬಿಟ್ಟಿದ್ದಕ್ಕೆ ಫಾರ್ಮ್‌ನಲ್ಲಿ ಹಾಗೇ ಬರೀಬಹುದಾ? ಕನ್ನಡದಲ್ಲಿ ಒಂದೇ ಶಬ್ದದಲ್ಲಿ ಅರ್ಥ ಹೇಳಿ. ಡಿಕ್ಷನರಿ ಆಪ್ ಯಾವುದು ಒಳ್ಳೇದು ಅಂತಾನೂ ಹೇಳಿ.

ಬರೀಬೇಡಿ ಮಾರಾಯ್ರೆ! ಫಾರ್ಮ್ ಇನ್ನೂ ಕೈಯಲ್ಲೇ ಇದ್ರೆ ಮೊದಲು ಆ ಶಬ್ದವನ್ನ ಹೊಡೆದುಹಾಕಿ, ಆಮೇಲೆ ಇದನ್ನ ಓದಿ.

ನಾನು ಅದೇ ಬರೆದು ಕೆಲಸ ಕಳ್ಕೊಂಡವನು. ಆಗ ಮುಂಬೈ ಕಡೆ ಡೊಂಬಿವಲಿಯಲ್ಲಿ ರೂಮು, ಅಂಧೇರಿಯ ಒಂದು ಕೊರಿಯರ್ ಆಫೀಸಲ್ಲಿ ಮೂರು ವರ್ಷ ಬಿಲ್ಲಿಂಗ್. ರಾಜೀನಾಮೆ ಕೊಟ್ಟು, ಒಂದು ತಿಂಗಳ ನೋಟಿಸ್ ಮುಗಿಸಿ, ಎಲ್ಲರಿಗೂ ವಡಾಪಾವ್ ಕೊಡಿಸಿಯೇ ಹೊರಗೆ ಬಂದದ್ದು. ವಾಶಿಯಲ್ಲಿ ಇನ್ನೊಂದು ಕಂಪನಿ, ಇಂಟರ್‌ವ್ಯೂ ಮುಗೀತು, ಸಂಬಳ ಮಾತಾಡಿ ಆಯ್ತು, ಒಂದು ಫಾರ್ಮ್ ತುಂಬಿಸಿ ಅಂದ್ರು. ಹಳೇ ಕೆಲಸ ಬಿಟ್ಟ ಕಾರಣ ಅಂತ ಒಂದು ಕಾಲಂ. ನಾನು ಕನ್ನಡ ಮೀಡಿಯಂ, ‘ಲೆಫ್ಟ್’ ಅಂತ ಬರೆದ್ರೆ ಎರಡನೇ ಕ್ಲಾಸಿನ ಹುಡುಗನ ಇಂಗ್ಲಿಷ್ ಅನ್ಕೊಳ್ತಾರೆ ಅಂತ ಭಯ. ಮೊಬೈಲ್ ತೆಗೆದು ‘ಬಿಟ್ಟುಬಿಡು’ ಅಂತ ಹೊಡೆದೆ, ‘ಅಬ್ಯಾಂಡನ್’ ಬಂತು, ಬರೆದೆ.

ಯಾಕೆ ಅನುಮಾನ ಬರ್ಲಿಲ್ಲ ಅಂತ ಹೇಳ್ಬೇಕು, ಯಾಕಂದ್ರೆ ತಪ್ಪು ಇರೋದು ಅಲ್ಲೇ. ಆ ಶಬ್ದ ನನಗೆ ಕ್ರಿಕೆಟ್‌ನಿಂದ ಗೊತ್ತಿತ್ತು. ಮಳೆ ಬಂದು ಮ್ಯಾಚ್ ‘ಅಬ್ಯಾಂಡನ್ಡ್’ ಅಂತ ಟೀವಿಯಲ್ಲಿ ಬರ್ತದಲ್ಲ, ಅದ್ರಲ್ಲಿ ಯಾರದ್ದೂ ತಪ್ಪಿಲ್ಲ, ಮ್ಯಾಚ್ ಅಲ್ಲಿಗೇ ಮುಗೀತು, ಅಷ್ಟೇ. ಹಡಗು ಮುಳುಗುವಾಗ ಕ್ಯಾಪ್ಟನ್ ‘ಅಬ್ಯಾಂಡನ್ ಶಿಪ್’ ಅಂದ್ರೂ ಅವಮಾನ ಏನಿಲ್ಲ, ಜೀವ ಉಳಿಸ್ಕೊಳ್ಳಿ ಅಂತ ಅರ್ಥ. 1982ರ ಬಟ್ಟೆ ಮಿಲ್ ಕಾರ್ಮಿಕರ ಮುಷ್ಕರದ ನಂತರ ಮುಂಬೈಯ ಪರೇಲ್ ಕಡೆ ಬಾಗಿಲು ಹಾಕಿದ ಮಿಲ್‌ಗಳಿಗೂ ಪೇಪರ್‌ನವರು ಇದೇ ಶಬ್ದ ಹಾಕ್ತಿದ್ರು. ಹಾಗಾಗಿ ಗೌರವದ ಶಬ್ದ ಅಂತ್ಲೇ ನನ್ನ ಲೆಕ್ಕ. ಆದ್ರೆ ಮನುಷ್ಯ ತಾನು ನೋಡ್ಕೊಳ್ಬೇಕಾದ್ದನ್ನ ‘ಅಬ್ಯಾಂಡನ್’ ಮಾಡಿದ ಅಂದ್ರೆ ನಡುನೀರಲ್ಲಿ ಕೈಬಿಟ್ಟು ಹೋದ ಅಂತ. ಹೆತ್ತವರನ್ನ ಎಲ್ಲೋ ಬಿಟ್ಟು ಬಂದ್ರೆ ಮೂರು ತಿಂಗಳವರೆಗೆ ಜೈಲು ಅನ್ನೋ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಇರೋದೂ ಇದೇ ಶಬ್ದ. ಇನ್ನು ಆಫೀಸಿನವರ ಭಾಷೆಯಲ್ಲಿ ‘ಜಾಬ್ ಅಬ್ಯಾಂಡನ್‌ಮೆಂಟ್’ ಅಂದ್ರೆ ಹೇಳದೆ ಕೇಳದೆ ಬರೋದು ನಿಲ್ಲಿಸೋದು.

ಎಚ್‌ಆರ್ ಮೇಡಂ ನನ್ನ ಫಾರ್ಮ್ ಓದಿ ತಲೆ ಎತ್ತಿ ‘ಅಬ್ಸ್ಕಾಂಡಿಂಗ್ ಕೇಸಾ?’ ಅಂತ ಹಿಂದಿಯಲ್ಲಿ ಕೇಳಿದ್ರು, ಅಂದ್ರೆ ಹೇಳದೆ ಓಡಿಹೋದವನಾ ಅಂತ. ನನಗೆ ಆ ಶಬ್ದವೂ ಗೊತ್ತಿಲ್ಲ, ‘ಹಾಂಜೀ’ ಅಂದೆ! ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅಂತ ಹಳೇ ಆಫೀಸು ಕೊಟ್ಟ ರಿಲೀವಿಂಗ್ ಲೆಟರ್ ಡೊಂಬಿವಲಿಯ ಟ್ರಂಕಿನಲ್ಲಿ. ನಾಳೆ ತರ್ತೇನೆ ಅಂದೆ, ಫೋನ್ ಮಾಡ್ತೇವೆ ಅಂದ್ರು, ಮಾಡ್ಲಿಲ್ಲ. ಎರಡು ತಿಂಗಳು ಚೆಂಬೂರಲ್ಲಿ ಮಾವನ ಹೋಟ್ಲಿನ ಗಲ್ಲಾದಲ್ಲಿ ಕೂತೆ.

ನೀವು ‘ಕನ್ನಡದಲ್ಲಿ ಒಂದೇ ಶಬ್ದದಲ್ಲಿ ಅರ್ಥ ಹೇಳಿ’ ಅಂತ ಕೇಳಿದ್ದೀರಿ, ನಾನು ಹೇಳೋದಿಲ್ಲ. ನಮ್ಮ ‘ಬಿಡು’ ಭಾರೀ ಉದಾರಿ, ಬೀಡಿ ಬಿಟ್ಟೆ, ಊರು ಬಿಟ್ಟೆ, ರೈಲು ಬಿಟ್ಟಿತು, ಕೆಲಸ ಬಿಟ್ಟೆ, ಹೆಂಡತಿ ಬಿಟ್ಟ, ಎಲ್ಲ ಅದ್ರಲ್ಲೇ ನಡೀತದೆ. ಇಂಗ್ಲಿಷ್‌ನವರು ಒಂದೊಂದಕ್ಕೂ ಬೇರೆ ಡಬ್ಬಿ ಇಟ್ಟಿದ್ದಾರೆ. ಕಾಗದ ಕೊಟ್ಟು ಬಿಟ್ರೆ ‘ರಿಸೈನ್’, ಚಟ ಬಿಟ್ರೆ ‘ಗಿವ್ ಅಪ್’, ಗಂಡ ಹೆಂಡತಿ ಒಬ್ಬರನ್ನೊಬ್ಬರು ಬಿಟ್ಟು ಹೋದ್ರೆ ಕೋರ್ಟಲ್ಲಿ ‘ಡೆಸರ್ಷನ್’, ಅದಕ್ಕೆ ಹಿಂದೂ ವಿವಾಹ ಕಾಯ್ದೆಯಲ್ಲಿ ಕಡಿಮೆ ಅಂದ್ರೂ 2 ವರ್ಷ ಆಗಿರಬೇಕು. ಮಜಾ ಅಂದ್ರೆ ‘ವಿತ್ ಅಬ್ಯಾಂಡನ್’ ಅಂದ್ರೆ ಒಳ್ಳೇ ಅರ್ಥ, ಗಣಪತಿ ವಿಸರ್ಜನೆಯಲ್ಲಿ ಮೈಮರೆತು ಕುಣೀತಾರಲ್ಲ, ಹಾಗೆ.

ಆದ್ರಿಂದ ಡಿಕ್ಷನರಿ ಆಪ್ ಯಾವುದು ಒಳ್ಳೇದು ಅನ್ನೋ ಪ್ರಶ್ನೆಯನ್ನೇ ಬಿಡಿ, ಆ ಶಬ್ದ ಇರೋ ಹತ್ತು ವಾಕ್ಯ ಪೇಪರ್‌ನಲ್ಲಿ ಹುಡುಕಿ ಓದಿ. ಫಾರ್ಮ್‌ನಲ್ಲಿ ‘ರಿಸೈನ್ಡ್’ ಅಂತ ಬರೀರಿ, ರಿಲೀವಿಂಗ್ ಲೆಟರ್‌ನ ಜೆರಾಕ್ಸ್ ಪಿನ್ ಮಾಡಿ ಕೊಡಿ. ಅಬ್ಸ್ಕಾಂಡಿಂಗಾ ಅಂತ ಕೇಳಿದ್ರೆ ಮಾತ್ರ ‘ಹಾಂಜೀ’ ಅನ್ಬೇಡಿ.