ಬೆಂಗಳೂರಿಗೆ ಬಂದ ಮೇಲೆ ಮಗುವನ್ನು ಎಲ್‌ಕೆಜಿಗೆ ಯಾವಾಗ ಸೇರಿಸೋದು?

ಮನೆಯಲ್ಲಿ ಬಂಗಾಳಿ ಮಾತಾಡುವ ನೀವು ಬೆಂಗಳೂರಿಗೆ ಬಂದು, ಮಗಳನ್ನು ಎಲ್‌ಕೆಜಿಗೆ ಯಾವಾಗ ಸೇರಿಸೋದು ಅಂತ ಕೇಳಿದಿರಿ. ಅವಳು ಹುಟ್ಟಿದ್ದು 2022ರ ಸೆಪ್ಟೆಂಬರ್‌ನಲ್ಲಿ ಅಂದಿರಿ. ಹಾಗಾದರೆ 2027ರ ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸಿ. ಅದಕ್ಕಿಂತ ಮೊದಲು ಬೇಡ.

ಕರ್ನಾಟಕದಲ್ಲಿ ವಯಸ್ಸಿನ ಲೆಕ್ಕ ಹಿಡಿಯುವುದು ಜೂನ್ 1ಕ್ಕೆ. ಒಂದನೇ ಕ್ಲಾಸಿಗೆ ಬರುವ ಮಗುವಿಗೆ ಆ ದಿನ ಆರು ವರ್ಷ ತುಂಬಿರಬೇಕು. ಹಿಂದಕ್ಕೆ ಎಣಿಸುತ್ತಾ ಬಂದರೆ ಯುಕೆಜಿಗೆ ಐದು, ಎಲ್‌ಕೆಜಿಗೆ ನಾಲ್ಕು. 2026ರ ಜೂನ್‌ಗೆ ನಿಮ್ಮ ಮಗಳಿಗೆ ಇನ್ನೂ ನಾಲ್ಕು ತುಂಬಿರುವುದಿಲ್ಲ. ‘ಪರವಾಗಿಲ್ಲ, ಸೇರಿಸಿ’ ಅನ್ನುವ ಖಾಸಗಿ ಶಾಲೆ ಸಿಗಬಹುದು. ಆದರೆ ಎರಡು ವರ್ಷ ಬಿಟ್ಟು ಒಂದನೇ ಕ್ಲಾಸಿಗೆ ವಯಸ್ಸು ಸಾಲದಿದ್ದರೆ ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಬೇಕು. ಗೆಳತಿಯರೆಲ್ಲ ಮುಂದಿನ ಕ್ಲಾಸಿಗೆ ಹೋಗಿ ತಾನೊಬ್ಬಳೇ ಉಳಿದೆ ಅನ್ನುವುದು ಅಷ್ಟು ಚಿಕ್ಕ ಮಗುವಿಗೂ ಗೊತ್ತಾಗುತ್ತದೆ ಅಲ್ವಾ? 2025-26ರಲ್ಲಿ ಸರ್ಕಾರ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಐದು ವರ್ಷ ಐದು ತಿಂಗಳು ಸಾಕು ಅಂತ ಸಡಿಲಿಸಿತ್ತು. ನಿಮ್ಮ ಸರದಿ ಬಂದಾಗಲೂ ಹಾಗೇ ಆಗುತ್ತದೆ ಅಂತ ನಂಬಿ ಕೂರಬೇಡಿ. ಕೇಂದ್ರೀಯ ವಿದ್ಯಾಲಯದಲ್ಲಿ ಆರು ತುಂಬಬೇಕಾದದ್ದು ಮಾರ್ಚ್ 31ಕ್ಕೆ. ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಿಗೆ ಅದರಿಂದ ವ್ಯತ್ಯಾಸವೇನೂ ಆಗುವುದಿಲ್ಲ.

ನಾನು ಕಾಸರಗೋಡಿನವನು, ಈಗ ಸಂಸಾರ ಬೆಂಗಳೂರಿನಲ್ಲಿ. 1956ರಲ್ಲಿ ನಮ್ಮೂರು ಕೇರಳಕ್ಕೆ ಸೇರಿತು. ಅಲ್ಲಿ ಐದಕ್ಕೇ ಒಂದನೇ ಕ್ಲಾಸಿಗೆ ಹಾಕಿ ರೂಢಿ. ಹಾಗಾಗಿ ಊರಿಗೆ ಹೋದರೆ ದೊಡ್ಡಮ್ಮ, ಚಿಕ್ಕಮ್ಮ ಎಲ್ಲರದ್ದೂ ಒಂದೇ ಪ್ರಶ್ನೆ: ‘ಇನ್ನೂ ಶಾಲೆಗೆ ಹಾಕ್ಲಿಲ್ವಾ?’ ನಿಮ್ಮ ಮನೆಯಲ್ಲೂ ಕೇಳುತ್ತಾರೆ. ಆ ಮಾತಿಗೆ ಗಾಬರಿಯಾಗಿ ಮಗುವನ್ನು ಅವಸರಪಡಿಸಬೇಡಿ.

ಗಡಿನಾಡಿನವರಿಗೆ ಇನ್ನೊಂದು ವಿಷಯ ಚೆನ್ನಾಗಿ ಗೊತ್ತು. ನಮ್ಮ ಕಡೆ ಎಷ್ಟೋ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ ಮಾತಾಡಿಕೊಂಡು ಬೆಳೆದು ಕನ್ನಡ ಶಾಲೆಗೆ ಬರುತ್ತಾರೆ. ಮೊದಮೊದಲು ಸುಮ್ನೆ ಕೂತಿರುತ್ತಾರೆ. ಎಲ್ಲ ಕೇಳಿಸಿಕೊಳ್ಳುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ. ಟೀಚರು ಕಾಯುತ್ತಾರೆ, ಒಂದು ದಿನ ಮಾತು ತಾನಾಗಿ ಬರುತ್ತದೆ. ನಿಮ್ಮ ಮಗಳಿಗೆ ಮನೆಯಲ್ಲಿ ಬಂಗಾಳಿ, ಕ್ಲಾಸಿನಲ್ಲಿ ಇಂಗ್ಲಿಷ್, ಆಯಾ ಮತ್ತು ವ್ಯಾನ್ ಡ್ರೈವರ್ ಹತ್ತಿರ ಕನ್ನಡ. ಮೂರೂ ಭಾಷೆ ಒಟ್ಟಿಗೆ ಮೈಮೇಲೆ ಬಿದ್ದರೆ ಹೊಟ್ಟೆನೋವು ಅಂತ ಹೇಳುವುದಕ್ಕೂ ಮಗು ತಡವರಿಸುತ್ತದೆ. ಅದನ್ನು ನೋಡಿ ‘ಇವಳು ಹಿಂದೆ ಬಿದ್ದಿದ್ದಾಳೆ’ ಅಂತ ಯಾರಾದರೂ ಅಂದರೆ ನನಗೆ ತುಂಬಾ ಬೇಜಾರಾಗುತ್ತದೆ.

ಅದಕ್ಕೇ ಈ ಮಧ್ಯದ ವರ್ಷವನ್ನು ಆಟಕ್ಕೆ ಬಿಡಿ. ನಿಮ್ಮ ಬೀದಿಯಲ್ಲಿ ಪ್ಲೇಹೋಮ್ ಇದ್ದರೆ ಸರಿ. ಅಂಗನವಾಡಿಯನ್ನೂ ಒಮ್ಮೆ ಹೋಗಿ ನೋಡಿ. ಮೂರರಿಂದ ಆರು ವರ್ಷದ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ಫೀಸ್ ಇಲ್ಲ, ಊಟ ಕೊಡುತ್ತಾರೆ. 2024ರ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ಶುರು ಮಾಡಿದರು. ಓರಗೆಯ ಮಕ್ಕಳ ಜೊತೆ ಮಣ್ಣಲ್ಲಿ ಆಡುತ್ತಾ ಕಲಿಯುವ ಕನ್ನಡ ಯಾವ ಟ್ಯೂಷನ್ನಿನಲ್ಲೂ ಸಿಗುವುದಿಲ್ಲ.

ಮಗು ನಿಧಾನವಾಗಿ ಹೋಗಲಿ, ನೀವು ಮಾತ್ರ ಬೇಗ ಓಡಾಡಬೇಕು. ಎಷ್ಟೋ ಖಾಸಗಿ ಶಾಲೆಗಳು ಮುಂದಿನ ಜೂನ್‌ಗೆ ದಸರಾ, ದೀಪಾವಳಿ ಹೊತ್ತಿಗೇ ಅರ್ಜಿ ಕೊಡುತ್ತವೆ. ಜನನ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ. ಸೇರಿಸುವಾಗ ಮಗುವಿಗೂ ಪೋಷಕರಿಗೂ ಪರೀಕ್ಷೆ ಮಾಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ, ಆದ್ದರಿಂದ ಸಂದರ್ಶನಕ್ಕೆ ಅಂತ ಅವಳಿಗೆ ಪಾಠ ಹೇಳಿಸಬೇಡಿ. ಶಾಲೆಯ ಹೆಸರು ಕೇಳಿ, ಟ್ರಾಫಿಕ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಹೋಗಬೇಕಾದ ಶಾಲೆ ಆರಿಸಬೇಡಿ. ಬಸ್ಸಲ್ಲೇ ನಿದ್ದೆ ಹೋಗುವ ಮಗು ಕ್ಲಾಸಿನಲ್ಲಿ ಏನು ತಾನೇ ಆಡೀತು? ಜೂನ್ ಬರುವುದರೊಳಗೆ ‘ನೀರು ಬೇಕು’, ‘ಬಾತ್‌ರೂಮಿಗೆ ಹೋಗಬೇಕು’, ‘ಅಮ್ಮನಿಗೆ ಫೋನ್ ಮಾಡಿ’ ಅನ್ನುವಷ್ಟು ಕನ್ನಡ ಕಲಿಸಿಡಿ.