ಪರ್ಮಾಂಗನೇಟಿನ ನೇರಳೆ ಬಣ್ಣ ಹೋದರೆ ಅದು ಆಲ್ಕೀನ್ ಎಂದೇ ಅರ್ಥವೇ?

ಗೊತ್ತಿಲ್ಲದ ದ್ರವಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದಾಗ ಬಣ್ಣ ಹೋಯಿತು, ಅಪರ್ಯಾಪ್ತ ಹೈಡ್ರೋಕಾರ್ಬನ್ (ಇಂಗಾಲಗಳ ನಡುವೆ ದ್ವಿಬಂಧವಿರುವ ಆಲ್ಕೀನ್ ಅಥವಾ ತ್ರಿಬಂಧವಿರುವ ಆಲ್ಕೈನ್‌ನಂಥದ್ದು) ಎಂದು ಬರೆಯಲೇ ಎಂದು ಕೇಳಿದ್ದೀರಿ. ಈಗಲೇ ಬೇಡ.

ಇದಕ್ಕೆ ಬೇಯರ್ ಪರೀಕ್ಷೆ ಎನ್ನುತ್ತಾರೆ. ಇದರಲ್ಲಿ ತಣ್ಣಗಿನ, ತೆಳು ಪರ್ಮಾಂಗನೇಟ್ ದ್ವಿಬಂಧಕ್ಕೆ ಎರಡು ಹೈಡ್ರಾಕ್ಸಿಲ್ ಗುಂಪುಗಳನ್ನು ಸೇರಿಸಿ, ತಾನು ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ತಳಕ್ಕಿಳಿಯುತ್ತದೆ. ಆದರೆ ಪರ್ಮಾಂಗನೇಟ್ ಉತ್ಕರ್ಷಣಕಾರಿ, ಅಂದರೆ ಬೇರೆ ವಸ್ತುಗಳಿಂದ ಎಲೆಕ್ಟ್ರಾನ್ ಕಸಿಯುವಂಥದ್ದು. ಸುಲಭವಾಗಿ ಉತ್ಕರ್ಷಣಗೊಳ್ಳುವ ಯಾವುದು ಸಿಕ್ಕಿದರೂ ಬಿಡುವುದಿಲ್ಲ: ಆಲ್ಡಿಹೈಡ್, ಫಿನಾಲ್, ಫಾರ್ಮಿಕ್ ಆಮ್ಲ ಎಲ್ಲವೂ ಬಣ್ಣ ಕಳೆಯುತ್ತವೆ. ದ್ರಾವಕದಲ್ಲಿ ಉಳಿದ ಕಲ್ಮಶವೂ ಸಾಕು. ಹಾಗಾಗಿ ಬರೀ ದ್ರಾವಕ ಹಾಕಿದ ಇನ್ನೊಂದು ಪ್ರನಾಳವನ್ನು ಪಕ್ಕದಲ್ಲಿಟ್ಟುಕೊಂಡೇ ಪರೀಕ್ಷೆ ಮಾಡಿ.

ಈ ಪಾಠ ನಾನು ವಿದ್ಯಾರ್ಥಿಯಾಗಿದ್ದಾಗ ಕಲಿತದ್ದು. ಎಥನಾಲನ್ನು ಸಾರೀಕೃತ ಸಲ್ಫ್ಯೂರಿಕ್ ಆಮ್ಲದೊಂದಿಗೆ ಕಾಯಿಸಿ ಎಥಿಲೀನ್ ತಯಾರಿಸಿದ್ದೆ. ಅನಿಲ ಹಾಯಿಸುತ್ತಲೇ ಬ್ರೋಮಿನ್ ನೀರೂ ಪರ್ಮಾಂಗನೇಟೂ ಬಣ್ಣ ಕಳೆದುಕೊಂಡವು. ಮೇಡಂ ಕೇಳಿದ್ದು ಒಂದೇ ಮಾತು: "ಅನಿಲವನ್ನು ತೊಳೆದೆಯಾ?" ಆ ಕಾಯಿಸುವಿಕೆಯಲ್ಲಿ ಸಲ್ಫರ್ ಡೈಆಕ್ಸೈಡೂ ಹುಟ್ಟುತ್ತದೆ, ಅದೊಂದೇ ಎರಡೂ ಬಣ್ಣಗಳನ್ನು ಅಳಿಸಬಲ್ಲದು. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಮೂಲಕ ಹಾಯಿಸಿದ ಮೇಲೆ ಬಣ್ಣ ಹೋದರೆ ಮಾತ್ರ ಅದಕ್ಕೆ ಬೆಲೆ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಬರುವ ಅಸಿಟಿಲೀನಿನಲ್ಲೂ ಫಾಸ್ಫೀನ್, ಹೈಡ್ರೋಜನ್ ಸಲ್ಫೈಡ್ ಇರುತ್ತವೆ. ಅದನ್ನು ಕಾಪರ್ ಸಲ್ಫೇಟ್ ದ್ರಾವಣದಲ್ಲಿ ತೊಳೆಯುತ್ತಾರೆ.

ನಿಮ್ಮ ದ್ರವಕ್ಕೆ ಮುಂದೆ ಬ್ರೋಮಿನ್ ಪರೀಕ್ಷೆ ಮಾಡಿ, ಬಿಸಿಲು ಬೀಳದ ಜಾಗದಲ್ಲಿ. ಡೈಕ್ಲೋರೋಮೀಥೇನಿನಲ್ಲಿ ಕರಗಿಸಿದ ಬ್ರೋಮಿನನ್ನು ಹನಿಹನಿಯಾಗಿ ಬಿಡಿ. ಆಲ್ಕೀನ್ ಆದರೆ ಸಂಕಲನ ನಡೆದು (ಬ್ರೋಮಿನ್ ದ್ವಿಬಂಧಕ್ಕೆ ಸೇರಿಕೊಂಡು) ಬಣ್ಣ ಹೋಗುತ್ತದೆ, ಹೈಡ್ರೋಜನ್ ಬ್ರೋಮೈಡ್ ಹೊರಬರುವುದಿಲ್ಲ. ಪ್ರನಾಳದ ಬಾಯಿಗೆ ಹಿಡಿದ ಒದ್ದೆ ನೀಲಿ ಲಿಟ್ಮಸ್ ಕೆಂಪಾದರೆ ಆದೇಶನ ಕ್ರಿಯೆಯ (ಹೈಡ್ರೋಜನ್ ಜಾಗಕ್ಕೆ ಬ್ರೋಮಿನ್ ಬರುವುದು) ಅನುಮಾನ ಪಡಿ: ಬೆಳಕಿನಲ್ಲಿ ಆಲ್ಕೇನ್ (ಒಂಟಿಬಂಧಗಳಷ್ಟೇ ಇರುವ, ಪರ್ಯಾಪ್ತ ಹೈಡ್ರೋಕಾರ್ಬನ್), ಬೆಳಕಿಲ್ಲದೆಯೇ ಫಿನಾಲ್ ಹೀಗೆ ಮಾಡುತ್ತವೆ. ಫಿನಾಲ್ ಆಗಿದ್ದರೆ ಬ್ರೋಮಿನ್ ನೀರಿನಲ್ಲಿ ಬಿಳಿ ಪ್ರಕ್ಷೇಪವೂ ಕಾಣುತ್ತದೆ.

ಬಣ್ಣ ಹೋಗದಿದ್ದರೂ ಪರ್ಯಾಪ್ತ ಎಂದು ತೀರ್ಮಾನಿಸಬೇಡಿ. ಬೆಂಜೀನ್ ಅಪರ್ಯಾಪ್ತವಾದರೂ ಈ ಎರಡು ಪರೀಕ್ಷೆಗಳಿಗೂ ಜಗ್ಗುವುದಿಲ್ಲ.

ಎರಡೂ ಪರೀಕ್ಷೆಗಳು ಒಪ್ಪಿದರೂ ಅದು ಆಲ್ಕೀನೋ ಆಲ್ಕೈನೋ ತಿಳಿಯುವುದಿಲ್ಲ. ತ್ರಿಬಂಧ ಸರಪಳಿಯ ತುದಿಯಲ್ಲಿದ್ದರೆ ಅಮೋನಿಯಾಯುಕ್ತ ಸಿಲ್ವರ್ ನೈಟ್ರೇಟ್ ಬಿಳಿ ಪ್ರಕ್ಷೇಪ ಕೊಡುತ್ತದೆ. ದಯವಿಟ್ಟು ಇದನ್ನು ಮೇಲ್ವಿಚಾರಕರ ಎದುರಲ್ಲೇ, ತೀರಾ ಕಡಿಮೆ ಪ್ರಮಾಣದಲ್ಲಿ ಮಾಡಿ. ಆ ಪ್ರಕ್ಷೇಪ ಒಣಗಿದರೆ ಸಿಡಿಯುತ್ತದೆ. ಒದ್ದೆಯಿರುವಾಗಲೇ ತೆಳು ನೈಟ್ರಿಕ್ ಆಮ್ಲ ಹಾಕಿ ನಾಶಮಾಡಿ.